ಮೂರೇ ಜನರ ಪಾಪ್-ಪಂಕ್ ರೆಕಾರ್ಡಿಂಗ್ ಅಷ್ಟು ತುಂಬಿಕೊಂಡು ಕೇಳಿಸುವುದು ಹೇಗೆ?

ಮೂರನೇಫ್ರೆಟ್ ಕೇಳಿದ್ದು:

ಗಿಟಾರ್, ಬೇಸ್, ಡ್ರಮ್ಸ್. ಮುಗಿಯಿತು. ಕೀಬೋರ್ಡ್ ಇಲ್ಲ, ಎರಡನೇ ಗಿಟಾರಿಸ್ಟ್ ಇಲ್ಲ, ಸ್ಟುಡಿಯೋಗೆ ಸುರಿಯಲು ದುಡ್ಡೂ ಇಲ್ಲ. ಆದರೂ ಸಣ್ಣ ಲೇಬಲ್‌ಗಳಲ್ಲಿ ಬಂದ ಮೆಲಡಿಕ್ ಪಾಪ್-ಪಂಕ್ ಟ್ರಯೋಗಳನ್ನು ಹಾಕಿದರೆ ಎರಡೂ ಸ್ಪೀಕರ್ ತುಂಬಿಕೊಳ್ಳುತ್ತವೆ, ಕೋರಸ್ ಒಂದೇ ಸಲಕ್ಕೆ ಬಾಯಿಗೆ ಹತ್ತುತ್ತದೆ. ಲುಕ್‌ಔಟ್ ಲೇಬಲ್‌ನಲ್ಲಿದ್ದಾಗಿನ ಗ್ರೀನ್ ಡೇ, ಜಾಬ್ರೇಕರ್, 1998ರ ಹೊತ್ತಿನ ಆಲ್ಕಲೈನ್ ಟ್ರಯೋ, ಅದಕ್ಕೂ ಹಿಂದೆ ಹಸ್ಕರ್ ಡೂ: ಸದ್ದು ಒಬ್ಬೊಬ್ಬರದು ಒಂದೊಂದು ಥರ, ಈ ಗುಣ ಮಾತ್ರ ಎಲ್ಲರಲ್ಲೂ ಇದೆ.

ಕೇಳಬೇಕಾದ್ದು ಇಷ್ಟು. ಅದೇ ನಾಲ್ಕು ಪವರ್ ಕಾರ್ಡಿನ ಮೇಲೆ ರಾಗ ಅಷ್ಟು ಗಟ್ಟಿಯಾಗಿ ಕೂರುವುದು ಯಾಕೆ? ರೆಕಾರ್ಡಿನಲ್ಲಿ ನಿಜಕ್ಕೂ ಎಷ್ಟು ಗಿಟಾರ್ ಟ್ರ್ಯಾಕ್ ಇರುತ್ತವೆ? ಬೇಸ್ ಆಂಪ್‌ನಲ್ಲಿ ಗುಡುಗುತ್ತದೆ, ಮಿಕ್ಸ್‌ನಲ್ಲಿ (ಎಲ್ಲ ಟ್ರ್ಯಾಕ್ ಬೆರೆಸಿದ ಮೇಲೆ) ಮಾಯ, ಇದಕ್ಕೇನು ಮದ್ದು? ಮಾಡಬೇಕಿರುವುದು ನಾಲ್ಕು ಹಾಡಿನ ಇಪಿ (ಸಣ್ಣ ಆಲ್ಬಂ), 190 ಬಿಪಿಎಂ (ನಿಮಿಷಕ್ಕೆ ಅಷ್ಟು ಬೀಟ್) ಆಸುಪಾಸು, ಎರಡು ದಿನ, ಮೈಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಎಂಟು ಇನ್‌ಪುಟ್‌ನ ಇಂಟರ್‌ಫೇಸ್. ಗಿಟಾರ್ ನುಡಿಸುವವರೇ ಹಾಡುತ್ತಾರೆ, ಬೇಸ್‌ನವರು ಜೊತೆಗೆ ದನಿ ಸೇರಿಸುತ್ತಾರೆ.

---

ನಾಲ್ಕುತಂತಿ:

ಮೊದಲ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ. ಅದು ಬಗೆಹರಿದರೆ ಉಳಿದವುಗಳಲ್ಲಿ ಅರ್ಧ ತಾನಾಗಿಯೇ ಬಗೆಹರಿಯುತ್ತದೆ.

ಪವರ್ ಕಾರ್ಡ್‌ನಲ್ಲಿ ಇರುವುದು ಷಡ್ಜ, ಪಂಚಮ, ಮೇಲಿನ ಷಡ್ಜ. ಗಾಂಧಾರ ಇಲ್ಲ. ಕಾರ್ಡ್ ಮೇಜರೋ ಮೈನರೋ ಎಂದು ತೀರ್ಮಾನಿಸುವ ಸ್ವರವೇ ಗಿಟಾರ್‌ನಲ್ಲಿಲ್ಲ ಅಂದಮೇಲೆ ಆ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು. ಟ್ರಯೋದಲ್ಲಿ ಉಳಿದಿರುವುದು ಇಬ್ಬರೇ: ಹಾಡುವವರು ಮತ್ತು ಬೇಸ್‌ನವರು. ಹಾಗಾಗಿ ಕಾರ್ಡನ್ನು ಪೂರ್ತಿ ಮಾಡುವುದೇ ಹಾಡಿನ ರಾಗ. ಅದು ಕಾರ್ಡಿನ ಮೇಲೆ ತಂದಿಟ್ಟ ಹಾಗೆ ಕೇಳುವುದಿಲ್ಲ, ಯಾಕೆಂದರೆ ಅದನ್ನು ತೆಗೆದರೆ ಕಾರ್ಡಿಗೆ ಬಣ್ಣವೇ ಇರುವುದಿಲ್ಲ. ಎರಡನೇ ಗಿಟಾರ್ ಅಥವಾ ಕೀಬೋರ್ಡ್ ಪೂರ್ತಿ ಕಾರ್ಡ್ ಹಿಡಿದು ಕೂತ ಬ್ಯಾಂಡ್‌ಗಳಲ್ಲಿ ರಾಗಕ್ಕೆ ಈ ಅಧಿಕಾರ ಸಿಗುವುದಿಲ್ಲ.

ಗಿಟಾರ್‌ನವರು ಗಾಂಧಾರ ಬಿಡುವುದು ಸೋಮಾರಿತನದಿಂದಲ್ಲ. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒರಟಾಗಿಸುವುದು) ಒಳಗೆ ಹೋದರೆ ಅವುಗಳ ವ್ಯತ್ಯಾಸದ ಕಂಪನವೂ ಹುಟ್ಟುತ್ತದೆ. ಆರನೇ ತಂತಿಯ 3ನೇ ಫ್ರೆಟ್‌ನ ಜಿ 98 ಹರ್ಟ್ಸ್, ಅದರ ಪಂಚಮವಾದ ಡಿ ಸುಮಾರು 147. ವ್ಯತ್ಯಾಸ 49. ಬೇಸ್‌ನ ದಪ್ಪ ತಂತಿಯ 3ನೇ ಫ್ರೆಟ್‌ನ ಜಿ ಕೂಡ ಅದೇ 49! ಅಂದರೆ ಗಿಟಾರ್ ತಾನಾಗಿಯೇ ಬೇಸ್‌ಗೆ ದನಿಗೂಡಿಸುತ್ತದೆ. ಈಗ ನಡುವೆ ಜಿಯ ಗಾಂಧಾರವಾದ ಬಿ ಸೇರಿಸಿ, 123.5 ಹರ್ಟ್ಸ್. ಕೆಳಗಿನ ಜಿ ಜೊತೆ ಅದರ ವ್ಯತ್ಯಾಸ 25.5, ಮೇಲಿನ ಡಿ ಜೊತೆ 23.3. ಗಾಂಧಾರ ಜಿಗೆ ನಿಖರವಾಗಿ 5:4 ಅನುಪಾತದಲ್ಲಿದ್ದಿದ್ದರೆ ಎರಡೂ 24.5 ಆಗಿ ಹೊಂದಿಕೊಳ್ಳುತ್ತಿದ್ದವು. ಫ್ರೆಟ್ಟಿನ ಗಾಂಧಾರ ಆ ನಿಖರ ಸ್ವರಕ್ಕಿಂತ 14 ಸೆಂಟ್ (ಅರ್ಧ ಸ್ವರದ ನೂರರಲ್ಲಿ ಒಂದು ಪಾಲು ಒಂದು ಸೆಂಟ್) ಮೇಲಿದೆ, ಅದಕ್ಕೇ ಗರಗರ ಎನ್ನುತ್ತದೆ. ಗೇನ್ (ಡಿಸ್ಟಾರ್ಷನ್ ಪ್ರಮಾಣ) ಏರಿಸಿದಷ್ಟೂ ಕೆಸರು ಜಾಸ್ತಿ. ಅದೇ ಬಿ ಸ್ವರವನ್ನು ಕಂಠ ಹಾಡಿದರೆ ಅದು ಡಿಸ್ಟಾರ್ಷನ್ ಒಳಗೆ ಹೋಗುವುದೇ ಇಲ್ಲ, ಗಲಾಟೆಯೂ ಇಲ್ಲ.

ಕೈಗೆ ಸಿಗುವ ಉದಾಹರಣೆ. ಕಾರ್ಡುಗಳು ಜಿ, ಡಿ, ಇ, ಸಿ. ಎಲ್ಲವೂ ಪವರ್ ಕಾರ್ಡ್. ರಾಗದ ಮುಖ್ಯ ಸ್ವರಗಳು ಬಿ, ಎ, ಜಿ, ಇ. ಜಿ ಮೇಲೆ ಬಿ ಬಂದಾಗ ಮೇಜರ್ ಆಯಿತು, ಇ ಮೇಲೆ ಜಿ ಬಂದಾಗ ಮೈನರ್ ಆಯಿತು, ಸಿ ಮೇಲೆ ಇ ಬಂದಾಗ ಮತ್ತೆ ಮೇಜರ್. ಡಿ ಒಂದು ಮಾತ್ರ ಖಾಲಿ, ಅಲ್ಲಿ ರಾಗ ಪಂಚಮದ ಮೇಲಿದೆ. ಆ ಖಾಲಿಯನ್ನು ಬೇಸ್ ತುಂಬಲಿ: ದಪ್ಪ ತಂತಿಯಲ್ಲಿ 3ನೇ ಫ್ರೆಟ್‌ನ ಜಿ, 2ನೇ ಫ್ರೆಟ್‌ನ ಎಫ್ ಶಾರ್ಪ್, ಖಾಲಿ ತಂತಿಯ ಇ, ಆಮೇಲೆ ಎ ತಂತಿಯ 3ನೇ ಫ್ರೆಟ್‌ನ ಸಿ. ಗಿಟಾರ್ ಜಿಗಿಯುತ್ತಿರುವಾಗ ಬೇಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಎರಡು ವಾದ್ಯ ಮೂರರಷ್ಟು ಕೇಳಿಸಲು ಇದೊಂದೇ ಸಾಕು.

ಇದರಲ್ಲಿ ಕೆಡುವುದು ಎರಡು ಕಡೆ. ಎಫ್ ಶಾರ್ಪ್ 46 ಹರ್ಟ್ಸ್‌ನಷ್ಟು ಕೆಳಗೆ, ಅದರ ಮೇಲೆ ಡಿಸ್ಟಾರ್ಷನ್ ತುಂಬಿದ ಡಿ ಕಾರ್ಡ್. ಸಣ್ಣ ಕೋಣೆಯಲ್ಲಿ ತಳ ಗುಂಯ್ ಎನ್ನುತ್ತದೆ. ಆಗ ಆ ಒಂದು ಸ್ವರವನ್ನು ಡಿ ತಂತಿಯ 4ನೇ ಫ್ರೆಟ್‌ಗೆ, ಅಂದರೆ ಒಂದು ಆಕ್ಟೇವ್ ಮೇಲಕ್ಕೆ ಒಯ್ಯಿರಿ. ಎರಡನೆಯದು, ಹಾಡಿನುದ್ದಕ್ಕೂ ಹೀಗೇ ನುಡಿಸುವುದು. ಮೊದಲ ಕೋರಸ್‌ನಲ್ಲಿ ಬೇಸ್ ಬರೀ ಷಡ್ಜ ಹಿಡಿಯಲಿ, ಇಳಿಯುವ ಸಾಲು ಎರಡನೇ ಕೋರಸ್‌ಗೆ ಬರಲಿ. ಕೇಳುಗರಿಗೆ ಏನು ಬದಲಾಯಿತೆಂದು ತಿಳಿಯದಿದ್ದರೂ ಹಾಡು ಏರಿತು ಅನ್ನಿಸುತ್ತದೆ.

ಫಿಲ್ (ಖಾಲಿ ತುಂಬುವ ಸಣ್ಣ ತುಣುಕು) ಹಾಕುವ ಜಾಗವೂ ಗೊತ್ತಿರಬೇಕು. ಎಂಟು ಬಾರ್‌ನಲ್ಲಿ (ನಾಲ್ಕು ಬೀಟ್‌ಗೆ ಒಂದು ಬಾರ್) 4ನೇ ಮತ್ತು 8ನೇ ಬಾರ್‌ನ ಕೊನೆಯ ಎರಡು ಬೀಟ್, ಅಲ್ಲಿ ಹಾಡುವವರು ಉಸಿರು ತೆಗೆದುಕೊಳ್ಳುತ್ತಾರೆ. ಗ್ರೀನ್ ಡೇಯ ಮೈಕ್ ಡರ್ನ್ಟ್ ನುಡಿಸಿದ್ದನ್ನು ಬೇಸ್ ಮೇಲೇ ಕಿವಿಯಿಟ್ಟು ಕೇಳಿ, ಹಾಡುವವರು ನಿಲ್ಲಿಸಿದ ಕಡೆ ಅವರು ಮಾತು ಮುಂದುವರಿಸುತ್ತಾರೆ.

---

ಟೇಪ್‌ಹಿಸ್:

ಗಿಟಾರ್ ಬಗ್ಗೆ. ರೆಕಾರ್ಡಿನಲ್ಲಿ ಸಾಮಾನ್ಯವಾಗಿ ಎರಡು ರಿದಂ ಟ್ರ್ಯಾಕ್, ಒಂದು ಪೂರ್ತಿ ಎಡಕ್ಕೆ, ಒಂದು ಪೂರ್ತಿ ಬಲಕ್ಕೆ. ಎರಡೂ ಬೇರೆ ಬೇರೆಯಾಗಿ ನುಡಿಸಿದ್ದಾಗಿರಬೇಕು. ಒಂದನ್ನೇ ನಕಲು ಮಾಡಿ ಎರಡೂ ಕಡೆ ಹಾಕಿದರೆ ಅಗಲ ಬರುವುದಿಲ್ಲ, ಅದು ನಡುವೆಯೇ ನಿಂತು ಸದ್ದು ಮಾತ್ರ ಜೋರಾಗುತ್ತದೆ. ನಕಲನ್ನು 15 ಮಿಲಿಸೆಕೆಂಡ್ ಹಿಂದೆ ಸರಿಸುವ ಉಪಾಯ ಹೆಡ್‌ಫೋನ್‌ನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಎಡಬಲ ಒಂದಾಗಿಸಿ ಮೋನೋಗೆ ಹಾಕಿ ನೋಡಿ: 33, 100, 167 ಹರ್ಟ್ಸ್, ಹೀಗೆ ಸುಮಾರು ಪ್ರತಿ 67 ಹರ್ಟ್ಸ್‌ಗೊಂದು ಗುಂಡಿ ಬಿದ್ದು ಗಿಟಾರ್ ತಗಡಿನ ಪೈಪಿನೊಳಗಿಂದ ಬಂದ ಹಾಗಾಗುತ್ತದೆ.

ಗೇನ್ ಕಡಿಮೆ ಮಾಡಿ. ವೇದಿಕೆಯ ಮೇಲೆ ನಾಬ್ 7ರಲ್ಲಿದ್ದರೆ ಇಲ್ಲಿ 4 ಅಥವಾ 5. ಎರಡು ಟ್ರ್ಯಾಕ್ ಸೇರಿದಾಗ ಡಿಸ್ಟಾರ್ಷನ್ ತಾನಾಗಿಯೇ ದಪ್ಪವಾಗುತ್ತದೆ. ಒಂಟಿಯಾಗಿ ಕೇಳಿದಾಗ ಸ್ವಲ್ಪ ಬೋಳು ಅನ್ನಿಸುವ ಗಿಟಾರೇ ಮಿಕ್ಸ್‌ನಲ್ಲಿ ಸರಿಯಾಗಿ ಕೂರುತ್ತದೆ. ಗೇನ್ ಹೆಚ್ಚಾದರೆ ಪಿಕ್ ತಂತಿಗೆ ಬಡಿಯುವ ಸದ್ದು ಸತ್ತುಹೋಗುತ್ತದೆ. ಈ ಸಂಗೀತದಲ್ಲಿ ಲಯ ಇರುವುದೇ ಆ ಬಡಿತದಲ್ಲಿ.

190 ಬಿಪಿಎಂನಲ್ಲಿ ಬೀಟಿಗೆ ಎರಡರಂತೆ ಬರುವ ಪೆಟ್ಟುಗಳ ನಡುವೆ 158 ಮಿಲಿಸೆಕೆಂಡ್. ಎಲ್ಲವೂ ಡೌನ್‌ಸ್ಟ್ರೋಕ್ (ಕೆಳಮುಖದ ಪೆಟ್ಟು) ಆದರೆ ಸೆಕೆಂಡಿಗೆ ಆರಕ್ಕೂ ಹೆಚ್ಚು ಪೆಟ್ಟು. ಕೈ ಸೋತು ಮೇಲೆ-ಕೆಳಗೆ ನುಡಿಸಲು ಶುರು ಮಾಡಿದರೆ ಮೇಲ್ಮುಖದ ಪೆಟ್ಟು ಮೊದಲು ತೆಳು ತಂತಿಗೆ ತಗಲುತ್ತದೆ, ತಳ ಹೋಗಿ ಒಂದು ಪೆಟ್ಟು ಬಿಟ್ಟು ಒಂದು ಪೆಟ್ಟು ತೆಳ್ಳಗೆ ಕೇಳಿಸುತ್ತದೆ. ಪೂರ್ತಿ ಹಾಡನ್ನು ಒಂದೇ ಉಸಿರಿಗೆ ನುಡಿಸಲೇಬೇಕೆಂಬ ಹಟ ಬೇಡ. ವರ್ಸ್ (ಚರಣ) ಒಂದು ಸಲ, ಕೋರಸ್ (ಪಲ್ಲವಿ) ಒಂದು ಸಲ. ಎಡ ಬಲ ಎರಡೂ 20 ಮಿಲಿಸೆಕೆಂಡ್ ಒಳಗೆ ಬೀಳಬೇಕು, ಅದರಾಚೆ ಹೋದರೆ ಕಿವಿ ಎರಡು ಪೆಟ್ಟು ಎಣಿಸುತ್ತದೆ.

ಮೈಕ್ ಶೂರ್ ಎಸ್‌ಎಂ57 ಒಂದೇ ಸಾಕು. ಸ್ಪೀಕರ್‌ನ ನಡುವಿನ ಟೊಪ್ಪಿ ಮುಗಿದು ಕೋನ್ ಶುರುವಾಗುವ ಅಂಚಿಗೆ ಗುರಿ, ಬಟ್ಟೆಯಿಂದ 3 ಸೆಂಟಿಮೀಟರ್ ದೂರ. ನಡುವಿಗೆ ಸರಿಸಿದರೆ ಚುಚ್ಚುತ್ತದೆ, ಅಂಚಿಗೆ ಸರಿಸಿದರೆ ಮಂಕಾಗುತ್ತದೆ. ಬೆರಳಗಲ ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ, ಹಾಗಾಗಿ ಈಕ್ಯೂ (ತಳ, ನಡು, ಮೇಲಿನ ಸದ್ದನ್ನು ಏರಿಳಿಸುವ ಸಾಧನ) ಮುಟ್ಟುವ ಮೊದಲು ಮೈಕ್ ಸರಿಸಿ. ಮಿಕ್ಸ್‌ನಲ್ಲಿ 90 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಅದು ಬೇಸ್‌ನ ಜಾಗ.

ಶ್ರುತಿ: ಪ್ರತಿ ಟೇಕ್‌ಗೂ ನೋಡಿ. ಎಡಗೈ ಬಿಗಿಯಾಗಿ ಒತ್ತಿದರೆ ಸ್ವರ ಏರುತ್ತದೆ, ರೆಕಾರ್ಡಿಂಗ್ ದಿನ ಎಲ್ಲರೂ ಎಂದಿಗಿಂತ ಬಿಗಿಯಾಗಿ ಒತ್ತುತ್ತಾರೆ. ಆದ್ದರಿಂದ ಟ್ಯೂನರ್ ನೋಡುವಾಗ ತಂತಿಯನ್ನು ಹಾಡಿನಲ್ಲಿ ಬಡಿಯುವಷ್ಟೇ ಜೋರಾಗಿ ಬಡಿಯಿರಿ, ಖಾಲಿ ತಂತಿಯ ಜೊತೆಗೆ 5ನೇ ಫ್ರೆಟ್‌ನಲ್ಲೂ ಒಮ್ಮೆ ನೋಡಿ.

---

ಡೌನ್‌ಸ್ಟ್ರೋಕ್:

ಟೇಪ್‌ಹಿಸ್ ಹೇಳಿದ್ದು ತಪ್ಪಲ್ಲ, ಆದರೆ ಅದೊಂದೇ ದಾರಿ ಅಂದುಕೊಳ್ಳಬೇಡಿ. ಎರಡು ಗಿಟಾರ್ ಎರಡೂ ಕಡೆ ಹಾಕಿದ ಕ್ಷಣ ಅದು ನಾಲ್ಕು ಜನರ ಬ್ಯಾಂಡ್. ರಮೋನ್ಸ್‌ನ 1976ರ ಮೊದಲ ಆಲ್ಬಂನಲ್ಲಿ ಗಿಟಾರ್ ಬಲಕ್ಕೆ, ಬೇಸ್ ಎಡಕ್ಕೆ. ಒಂದು ಸ್ಪೀಕರ್ ಆರಿಸಿದರೆ ಒಂದು ವಾದ್ಯವೇ ಹೋಗುತ್ತದೆ. ಆ ಬೆತ್ತಲೆ ಸದ್ದಿನಲ್ಲೇ ಒಂದು ಸೆಳೆತವಿದೆ, ಯಾರು ಏನು ನುಡಿಸುತ್ತಿದ್ದಾರೆಂದು ಬೆರಳಿಟ್ಟು ತೋರಿಸಬಹುದು.

ನಡುದಾರಿ ಇದು: ವರ್ಸ್‌ನಲ್ಲಿ ಒಂದೇ ಗಿಟಾರ್, ಎಡಕ್ಕೆ ನೂರಕ್ಕೆ 40ರಷ್ಟು. ಬೇಸ್ ಅನ್ನು ಎರಡು ಟ್ರ್ಯಾಕ್ ಮಾಡಿ, ಡಿಸ್ಟಾರ್ಷನ್ ಹಾಕಿದ್ದು ಬಲಕ್ಕೆ ಅಷ್ಟೇ. ಬೇಸ್‌ನ ಸ್ವಚ್ಛ ತಳ ನಡುವೆಯೇ ಇರಲಿ. ಕೋರಸ್ ಬಂದಾಗ ಎರಡನೇ ಗಿಟಾರ್ ಸೇರಿ ಎರಡೂ ಪೂರ್ತಿ ಅಂಚಿಗೆ ಹೋಗಲಿ. ಕೋರಸ್ ಜೋರಾಗಬೇಕಿಲ್ಲ, ಅಗಲವಾದರೆ ಸಾಕು. ವರ್ಸ್‌ನಲ್ಲೂ ಅದೇ ಅಗಲ ಇದ್ದರೆ ಕೋರಸ್‌ಗೆ ಹೋಗಲು ಜಾಗವೇ ಉಳಿಯುವುದಿಲ್ಲ. ಮನೆಯಲ್ಲಿ ಮಾಡಿದ ಬಹುಪಾಲು ಪಾಪ್-ಪಂಕ್ ಡೆಮೋಗಳ ಕಾಯಿಲೆ ಇದೇ.

ವರ್ಸ್ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಅದುಮಿ ನುಡಿಸುವುದು) ಇದ್ದರೆ ಅಂಗೈ ಅಂಚು ಬ್ರಿಡ್ಜ್‌ನ ಮೇಲೇ ಇರಲಿ. ಒಂದು ಸೆಂಟಿಮೀಟರ್ ಮುಂದೆ ಹೋದರೂ ಸ್ವರ ಹೋಗಿ ಬರೀ ಡಬ್ ಡಬ್.

---

ಮೂರನೇಫ್ರೆಟ್:

ಜಿ, ಎಫ್ ಶಾರ್ಪ್, ಇ ಸಾಲು ಹಾಕಿ ನೋಡಿದರೆ ಹಾಡೇ ಬೇರೆಯಾಗಿ ಕೇಳುತ್ತಿದೆ, ಧನ್ಯವಾದ. ಇನ್ನೆರಡು ಸಂದೇಹ. ಫೋನ್ ಸ್ಪೀಕರ್‌ನಲ್ಲಿ ಈ ಬೇಸ್ ಸಾಲು ಕೇಳುವುದೇ ಇಲ್ಲ. ಹಾಗೇ ಗಿಟಾರ್ ಸೋಲೋಗೆ ಹೋದ ತಕ್ಷಣ ಕೆಳಗೆ ಎಲ್ಲ ಕುಸಿದ ಹಾಗಾಗುತ್ತದೆ. ಡ್ರಮ್ಸ್ ಬಗ್ಗೆಯೂ ಯಾರಾದರೂ ಹೇಳಿದರೆ ಒಳ್ಳೆಯದು.

---

ನಾಲ್ಕುತಂತಿ:

ಫೋನ್ ಸ್ಪೀಕರ್ 200 ಹರ್ಟ್ಸ್ ಕೆಳಗೆ ಹೆಚ್ಚುಕಡಿಮೆ ಏನನ್ನೂ ಹೊರಡಿಸುವುದಿಲ್ಲ. 49 ಹರ್ಟ್ಸ್‌ನ ಜಿ ಅಲ್ಲಿ ಕೇಳಬೇಕೆಂದರೆ ಅದರ ಮೇಲಿನ ಹಾರ್ಮೋನಿಕ್‌ಗಳು ಕೇಳಬೇಕು. ಉಳಿದದ್ದನ್ನು ಕಿವಿಯೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಒಂದೇ ಬೇಸ್ ಅನ್ನು ಎರಡು ಟ್ರ್ಯಾಕ್ ಮಾಡಬೇಕು.

ಡಿಐ ಮೂಲಕ (ಆಂಪ್, ಮೈಕ್ ಇಲ್ಲದೆ ನೇರ ಇಂಟರ್‌ಫೇಸ್‌ಗೆ) ಸ್ವಚ್ಛವಾಗಿ ರೆಕಾರ್ಡ್ ಮಾಡಿ, ಟ್ರ್ಯಾಕ್ ಅನ್ನು ಎರಡಾಗಿಸಿ. ಮೊದಲನೆಯದರಲ್ಲಿ 250 ಹರ್ಟ್ಸ್ ಮೇಲಿನದನ್ನು ಕತ್ತರಿಸಿ, ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ 4:1, ಪ್ರತಿ ಸ್ವರಕ್ಕೂ 6ರಿಂದ 8 ಡೆಸಿಬೆಲ್ ಇಳಿಯುವಂತೆ. ತಳ ಅಲುಗಾಡಬಾರದು. ಎರಡನೆಯದರಲ್ಲಿ 250 ಕೆಳಗಿನದನ್ನು ಕತ್ತರಿಸಿ ಡಿಸ್ಟಾರ್ಷನ್ ಹಾಕಿ, 800 ಹರ್ಟ್ಸ್‌ನಿಂದ 1.2 ಕಿಲೋಹರ್ಟ್ಸ್ ನಡುವೆ 3 ಡೆಸಿಬೆಲ್ ಎತ್ತಿ, 5 ಕಿಲೋಹರ್ಟ್ಸ್ ಮೇಲೆ ಇಳಿಸಿ. ಕೆಳಗಿನದನ್ನು ಕತ್ತರಿಸದೆ ಡಿಸ್ಟಾರ್ಷನ್ ಹಾಕಿದರೆ ದಪ್ಪ ಸ್ವರ ಎಲ್ಲವನ್ನೂ ನುಂಗಿ ಪರಪರ ಸದ್ದು ಬರುತ್ತದೆ, ಕ್ರಮ ತಪ್ಪಿಸಬೇಡಿ.

ಆಂಪ್‌ಗೂ ಮೈಕ್ ಇಟ್ಟರೆ ಫೇಸ್ (ಎರಡು ಟ್ರ್ಯಾಕ್‌ನ ಅಲೆಗಳು ಒಟ್ಟಿಗೆ ಏಳುತ್ತವೆಯೇ ಎಂಬುದು) ನೋಡಲೇಬೇಕು. ಸದ್ದು ಒಂದು ಮಿಲಿಸೆಕೆಂಡಿನಲ್ಲಿ 34 ಸೆಂಟಿಮೀಟರ್ ಸಾಗುತ್ತದೆ. ಮೈಕ್ ಅಷ್ಟು ದೂರವಿದ್ದರೆ ಡಿಐ ಜೊತೆ ಸೇರಿದಾಗ 500 ಹರ್ಟ್ಸ್ ಹತ್ತಿರ ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತವೆ. ಬೇಸ್‌ನ ಮಾತು ಇರುವುದೇ ಅಲ್ಲಿ. ವೇವ್‌ಫಾರ್ಮ್ ದೊಡ್ಡದು ಮಾಡಿಕೊಂಡು ಮೈಕ್ ಟ್ರ್ಯಾಕ್ ಅನ್ನು ಮೊದಲ ಪೆಟ್ಟಿಗೆ ಸರಿಯಾಗಿ ಎಳೆಯಿರಿ, ಆಮೇಲೆ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತಿ ನೋಡಿ, ಯಾವುದರಲ್ಲಿ ತಳ ದಪ್ಪವಿದೆಯೋ ಅದೇ ಸರಿ. ಎರಡು ದಿನದ ಕೆಲಸಕ್ಕೆ ಡಿಐ ಒಂದೇ ಸಾಕು ಎಂಬುದು ಒಟ್ಟು ಅಭಿಪ್ರಾಯ.

ಹೊಸ ತಂತಿ, 1 ಮಿಲಿಮೀಟರ್ ಪಿಕ್. ಬೆರಳಿನಲ್ಲಿ ಈ ವೇಗಕ್ಕೆ ಸ್ಪಷ್ಟತೆ ಬರಿಸುವವರು ಇದ್ದಾರೆ, ಕಡಿಮೆ.

ಸೋಲೋ ಕುಸಿತಕ್ಕೆ: ಅಷ್ಟು ಹೊತ್ತು ಬೇಸ್‌ನವರು ಎ ಮತ್ತು ಡಿ ತಂತಿಗಳ ಮೇಲೆ ಷಡ್ಜ-ಪಂಚಮ ಎರಡನ್ನೂ ಒಟ್ಟಿಗೆ ಹಿಡಿಯಲಿ, ಡಿಸ್ಟಾರ್ಷನ್ ಟ್ರ್ಯಾಕ್ 2 ಡೆಸಿಬೆಲ್ ಏರಲಿ. 7ನೇ ಫ್ರೆಟ್‌ನಿಂದ ಮೇಲಕ್ಕೆ ಹಿಡಿದರೆ ಕೆಸರಾಗುವುದಿಲ್ಲ. ಡ್ರಮ್ಸ್ ಹೈ-ಹ್ಯಾಟ್ (ಜೋಡಿ ಸಿಂಬಲ್) ಬಿಟ್ಟು ರೈಡ್‌ಗೆ (ದೊಡ್ಡ ಒಂಟಿ ಸಿಂಬಲ್) ಹೋಗಲಿ. ಸೋಲೋ ಹಾಡಿನ ರಾಗವನ್ನೇ ಆಕ್ಟೇವ್‌ಗಳಲ್ಲಿ ನುಡಿಸಲಿ, ಎಂಟು ಬಾರ್ ಮೀರದಿರಲಿ. 190ರಲ್ಲಿ ಎಂಟು ಬಾರ್ ಅಂದರೆ ಹತ್ತು ಸೆಕೆಂಡ್. ಕೆಳಗೆ ಇನ್ನೊಂದು ರಿದಂ ಗಿಟಾರ್ ಸೇರಿಸುವುದು ಸುಲಭ, ಆದರೆ ವೇದಿಕೆಯಲ್ಲಿ ಅದು ಇರುವುದಿಲ್ಲವಲ್ಲ.

---

ಸ್ನೇರ್‌ಪೆಟ್ಟು:

ಡ್ರಮ್ಸ್‌ಗೆ ನಾಲ್ಕು ಮೈಕ್: ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್), ಸ್ನೇರ್ (ಕೆಳಗೆ ತಂತಿಗಳಿರುವ ಡ್ರಮ್), ಮೇಲೆ ಎರಡು. ಮೇಲಿನ ಮೊದಲನೆಯದು ಸ್ನೇರ್‌ನ ನೇರಕ್ಕೆ, ಎರಡು ಕೋಲು ಉದ್ದುದ್ದ ಇಟ್ಟಷ್ಟು ಎತ್ತರ, ಸುಮಾರು 80 ಸೆಂಟಿಮೀಟರ್. ಎರಡನೆಯದು ನುಡಿಸುವವರ ಬಲ ಭುಜದ ಮೇಲೆ. ಈಗ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಸ್ನೇರ್ ನಡುವೆ, ಇನ್ನೊಂದನ್ನು ಕಿಕ್‌ನ ಬೀಟರ್ ಬಡಿಯುವ ಜಾಗದಲ್ಲಿ ಹಿಡಿಸಿ, ದಾರವನ್ನು ಮೊದಲ ಮೈಕ್‌ವರೆಗೆ ಎಳೆದು ಅಲ್ಲಿ ಚಿವುಟಿ ಹಿಡಿಯಿರಿ. ಚಿವುಟಿದ ಜಾಗ ಬಿಡದೆ ಅದೇ ದಾರವನ್ನು ಭುಜದ ಕಡೆ ಒಯ್ದಾಗ ಎಲ್ಲಿ ಬಿಗಿಯಾಗುತ್ತದೋ ಅಲ್ಲೇ ಎರಡನೇ ಮೈಕ್. ಸ್ನೇರ್‌ನಿಂದಲೂ ಕಿಕ್‌ನಿಂದಲೂ ಎರಡಕ್ಕೂ ಒಂದೇ ದೂರ ಬಂತು, ಆದ್ದರಿಂದ ಎರಡೂ ನಟ್ಟನಡುವೆ ಕೇಳುತ್ತವೆ. ಈ ಅಳತೆ ಬಿಟ್ಟರೆ ಸ್ನೇರ್ ಒಂದು ಕಡೆ ವಾಲಿ ಮೋನೋದಲ್ಲಿ ಟೊಳ್ಳಾಗುತ್ತದೆ. ಉಳಿದ ಇನ್‌ಪುಟ್‌ಗಳಲ್ಲಿ ಎರಡು ಟಾಮ್‌ಗೆ, ಒಂದು ಬೇಸ್ ಡಿಐಗೆ, ಒಂದು ಗೈಡ್ ಗಿಟಾರ್‌ಗೆ (ದಾರಿ ತೋರಲು ಮಾತ್ರ, ಆಮೇಲೆ ತೆಗೆಯುವಂಥದ್ದು). ಎಂಟು ತುಂಬಿತು.

ಕೋಣೆಯ ಮೈಕ್ ಬೇಕೇ ಎಂದರೆ ವೇಗ ನೋಡಿ ಹೇಳಬೇಕು. 190ರಲ್ಲಿ ಡಬಲ್-ಟೈಮ್ (ಬೀಟಿಗೊಂದು ಸ್ನೇರ್ ಪೆಟ್ಟು) ಆದರೆ ಸ್ನೇರ್ 316 ಮಿಲಿಸೆಕೆಂಡಿಗೊಮ್ಮೆ ಬೀಳುತ್ತದೆ. ಕೋಣೆಯ ಗುಂಗು ಅದಕ್ಕಿಂತ ಉದ್ದವಾದರೆ ಮುಂದಿನ ಪೆಟ್ಟು ಹಿಂದಿನದರ ಬಾಲದ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ರಿವರ್ಬ್ ಹಾಕುವಾಗಲೂ ಇದೇ ಲೆಕ್ಕ. 2 ಮತ್ತು 4ರ ಮೇಲೆ ಮಾತ್ರ ಸ್ನೇರ್ ಇರುವ ಹಾಡಿನಲ್ಲಿ 632 ಮಿಲಿಸೆಕೆಂಡ್ ಸಿಗುತ್ತದೆ, ಅಲ್ಲಿ ಕೋಣೆ ಕೇಳಿಸಬಹುದು. ಜಾಬ್ರೇಕರ್‌ನ 1994ರ ಆಲ್ಬಂನ ಬಹುಪಾಲನ್ನು ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ. ಡ್ರಮ್ಸ್ ಇರುವ ಕೋಣೆಯನ್ನು ಕೇಳಿಸುವುದಕ್ಕೆ ಅವರು ಹೆಸರಾದವರು. ಆ ಆಲ್ಬಂನ ನಡುವೇಗದ ಹಾಡುಗಳಿಗೆ ಅದು ಒಪ್ಪುತ್ತದೆ. ಅದನ್ನೇ 200 ಬಿಪಿಎಂ ಹಾಡಿಗೆ ತಂದರೆ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಸಿಂಬಲ್. ಅರ್ಧ ತೆರೆದ ಹೈ-ಹ್ಯಾಟ್ ಅನ್ನು ಕೋರಸ್‌ನುದ್ದಕ್ಕೂ ಜಾಡಿಸಿದರೆ 3ರಿಂದ 6 ಕಿಲೋಹರ್ಟ್ಸ್ ತುಂಬಿಹೋಗಿ ಹಾಡಿನ ವ್ಯಂಜನಗಳೇ ಕೇಳುವುದಿಲ್ಲ. ಅದು ಎಲ್ಲ ಮೈಕ್‌ಗಳಲ್ಲೂ ನುಗ್ಗಿರುವುದರಿಂದ ಆಮೇಲೆ ತೆಗೆಯಲೂ ಆಗದು. ಡ್ರಮ್ ಜೋರಾಗಿ, ಸಿಂಬಲ್ ಮೆಲ್ಲಗೆ. ಕೈಗಳಿಗೆ ಇದನ್ನು ರೆಕಾರ್ಡಿಂಗ್‌ಗೆ ಮೊದಲೇ ಕಲಿಸಬೇಕು. ಸ್ನೇರ್‌ಗೆ ಹೊಸ ಚರ್ಮ ಹಾಕಿ, ಹಿಂದಿನ ದಿನವೇ ಹಾಕಿ ಎಳೆದು ಕೂರಿಸಿ. ಬೇಸ್ ಆಂಪ್ ಅದೇ ಕೋಣೆಯಲ್ಲಿದ್ದರೆ ಸ್ನೇರ್‌ನ ಕೆಳಗಿನ ತಂತಿಗಳು ಅದಕ್ಕೆ ಜಿರ್ರೆನ್ನುತ್ತವೆ, ಡಿಐ ಒಳ್ಳೆಯದು ಅನ್ನಲು ಇದೂ ಒಂದು ಕಾರಣ.

ಕಿಕ್ ಮತ್ತು ಬೇಸ್ ಒಟ್ಟಿಗೆ ಬೀಳಬೇಕು. 10 ಮಿಲಿಸೆಕೆಂಡ್ ಹಿಂದೆಮುಂದೆ ಆದರೆ ಜೀವಂತಿಕೆ, 30 ಆದರೆ ಎತ್ತು ಏರಿಗೆ ಕೋಣ ನೀರಿಗೆ. ಹಾಗಂತ ಎಲ್ಲವನ್ನೂ ಗ್ರಿಡ್‌ಗೆ (ಕಂಪ್ಯೂಟರ್‌ನ ಬೀಟ್ ಗೆರೆಗಳಿಗೆ) ಎಳೆದು ಕೂರಿಸಬೇಡಿ, ಮೂರು ವಾದ್ಯ ಮಾತ್ರ ಇರುವ ಕಡೆ ಆ ಸಣ್ಣ ಏರುಪೇರೇ ಮನುಷ್ಯರು ನುಡಿಸುತ್ತಿದ್ದಾರೆಂಬ ಗುರುತು. ಕ್ಲಿಕ್ (ಹೆಡ್‌ಫೋನ್‌ನಲ್ಲಿ ಬೀಟ್ ಎಣಿಸುವ ಸದ್ದು) ಬಳಸುವುದಾದರೆ ವರ್ಸ್ 188, ಕೋರಸ್ 191 ಎಂದು ಟೆಂಪೋ ಮ್ಯಾಪ್ ಹಾಕಿ. ಕ್ಲಿಕ್‌ಗೆ ಕೈ ಪಳಗದ ಡ್ರಮ್ಮರ್‌ಗೆ ಆ ದಿನವೇ ಕಲಿಸಲು ಹೋಗಬೇಡಿ, ಮೂವರೂ ಮುಖ ನೋಡಿಕೊಂಡು ನುಡಿಸಲಿ.

---

ಕೋರಸ್‌ಮಾತ್ರ:

ಹಾಡುವುದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಾಲ್ಕುತಂತಿ ಕೊಟ್ಟ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ರಾಗ ಬಿ, ಎ, ಜಿ, ಇ. ಜೊತೆದನಿಯನ್ನು ಕಣ್ಣುಮುಚ್ಚಿ ಮೂರನೇ ಸ್ವರಕ್ಕೆ ಏರಿಸಿದರೆ ಡಿ, ಸಿ, ಬಿ, ಜಿ ಆಗುತ್ತದೆ. ಎರಡನೆಯದು ಗಮನಿಸಿ: ಡಿ ಕಾರ್ಡ್ ಮೇಲೆ ಸಿ. ಅದು ಕಾರ್ಡಿಗೆ ಸೇರಿದ ಸ್ವರವಲ್ಲ, ಬ್ಲೂಸ್‌ನ ಕಡೆ ಎಳೆಯುತ್ತದೆ, ಉದ್ದವಾಗಿ ಹಿಡಿದರೆ ತಪ್ಪಿದಂತೆಯೇ ಕೇಳುತ್ತದೆ. ಅಲ್ಲಿ ಏರದೆ ಡಿಯಲ್ಲೇ ನಿಲ್ಲಿ: ಡಿ, ಡಿ, ಬಿ, ಜಿ. ಆಗ ಎರಡನೇ ಕಾರ್ಡಿನಲ್ಲಿ ಮುಖ್ಯ ಕಂಠ ಎ, ಜೊತೆ ಕಂಠ ಡಿ, ಬೇಸ್ ಎಫ್ ಶಾರ್ಪ್. ಪೂರ್ತಿ ಡಿ ಮೇಜರ್ ಬಂತು, ಗಿಟಾರ್ ಏನೂ ಬದಲಾಯಿಸಿಲ್ಲ. ಬೇಸ್‌ನವರೇ ಹಾಡುವುದಾದರೆ ಕೈ ಇಳಿಯುವಾಗ ಗಂಟಲು ನಿಂತಲ್ಲೇ ನಿಲ್ಲಬೇಕು. ನಿಧಾನವಾಗಿ, 120ರಲ್ಲಿ ಅಭ್ಯಾಸ ಮಾಡಿಸಿ.

ಹಾಡಿಗೆ ಯಾವ ಸ್ವರ ಷಡ್ಜವಾಗಬೇಕು ಎಂಬುದನ್ನು ಗಿಟಾರ್‌ಗೆ ಸುಲಭವೆಂದು ಆರಿಸಬೇಡಿ. ಕೋರಸ್‌ನ ಅತಿ ಎತ್ತರದ ಸ್ವರ, ಹಾಡುವವರು ಗಂಟಲು ಒಡೆಯದೆ ಕೂಗಬಲ್ಲ ಕೊನೆಯ ಸ್ವರಕ್ಕಿಂತ ಅರ್ಧ ಅಥವಾ ಒಂದು ಮೆಟ್ಟಿಲು ಕೆಳಗಿರಲಿ. ಆ ತುದಿಯಲ್ಲಿ ದನಿಗೆ ಬರುವ ಬಿಗಿಯೇ ಈ ಹಾಡುಗಳ ಆಕರ್ಷಣೆ. ಅದಕ್ಕಿಂತ ಕೆಳಗಿದ್ದರೆ ಸಪ್ಪೆ, ಮೇಲಿದ್ದರೆ ಮೂರನೇ ಟೇಕ್‌ಗೆ ಗಂಟಲು ಕಟ್ಟುತ್ತದೆ. ಬೇಕಾದರೆ ಮೂರೂ ಜನ ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಳ್ಳಿ.

ಮುಖ್ಯ ಕಂಠ ನಡುವೆ, ಒಂದೇ. ಕೋರಸ್‌ನಲ್ಲಿ ಮಾತ್ರ ಇನ್ನೊಮ್ಮೆ ಹಾಡಿ 8 ಡೆಸಿಬೆಲ್ ಕೆಳಗೆ ಕೂರಿಸಿ. ಜೊತೆದನಿ ಎರಡು ಸಲ ಹಾಡಿಸಿ ಎಡಬಲಕ್ಕೆ ನೂರಕ್ಕೆ 60ರಷ್ಟು ಸರಿಸಿ. ಜೊತೆದನಿಯವರು ಪದದ ಕೊನೆಯ ಸ್, ಟ್, ಕ್ ನುಂಗಲಿ. ನಾಲ್ಕು ಟ್ರ್ಯಾಕ್‌ನ ನಾಲ್ಕು ‘ಸ್’ ಒಂದಾದ ಮೇಲೊಂದು ಬಂದರೆ ಅಸಹ್ಯವಾಗಿ ಸಿಡಿಯುತ್ತದೆ. ಪಿಚ್ ತಿದ್ದುವುದಿದ್ದರೆ ಜೊತೆದನಿಯನ್ನು ತಿದ್ದಿ. ಮುಖ್ಯ ಕಂಠ ಸ್ವರಕ್ಕೆ ಕೆಳಗಿನಿಂದ ಜಾರಿ ಹತ್ತುವುದನ್ನು ಮುಟ್ಟಬೇಡಿ, ಅದನ್ನು ನೇರ ಮಾಡಿದರೆ ಯಾರು ಹಾಡಿದರೂ ಒಂದೇ ಥರ ಕೇಳುತ್ತದೆ.

---

ಟೇಪ್‌ಹಿಸ್:

ಎರಡು ದಿನವನ್ನು ಹೀಗೆ ಹಂಚಿ. ಮೊದಲ ದಿನ ಮಧ್ಯಾಹ್ನದೊಳಗೆ ಡ್ರಮ್ಸ್ ಮತ್ತು ಬೇಸ್ ನಾಲ್ಕೂ ಹಾಡಿಗೆ, ಮೂವರೂ ಒಟ್ಟಿಗೆ ನುಡಿಸಿ. ಗಿಟಾರ್ ಗೈಡ್ ಅಷ್ಟೇ. ವೇಗದ ಹಾಡು ಮೊದಲು ಬೇಡ, ಎರಡನೆಯದಾಗಿರಲಿ, ಅಷ್ಟರಲ್ಲಿ ಕೈ ಕಾಯ್ದಿರುತ್ತದೆ, ಇನ್ನೂ ಸೋತಿರುವುದಿಲ್ಲ. ಸಂಜೆ ಗೈಡ್ ಗಿಟಾರ್ ಮೇಲೇ ಎರಡು ಹಾಡಿನ ಮುಖ್ಯ ಕಂಠ ಮುಗಿಸಿ. ಎಲ್ಲ ಹಾಡುವಿಕೆಯನ್ನು ಎರಡನೇ ದಿನದ ರಾತ್ರಿಗೆ ಬಿಟ್ಟರೆ ನಾಲ್ಕನೇ ಹಾಡಿನಲ್ಲಿ ದನಿ ಇರುವುದಿಲ್ಲ. ಎರಡನೇ ದಿನ ಬೆಳಿಗ್ಗೆ ಗಿಟಾರ್‌ಗಳು, ಆಮೇಲೆ ಉಳಿದ ಕಂಠಗಳು. ಇನ್‌ಪುಟ್ ಮಟ್ಟದ ತುದಿಗಳು ಮೈನಸ್ 10 ಡೆಸಿಬೆಲ್ ದಾಟದಿರಲಿ. 24 ಬಿಟ್‌ನಲ್ಲಿ ಅದಕ್ಕಿಂತ ಜೋರು ಬೇಕಿಲ್ಲ.

ಮಾಸ್ಟರಿಂಗ್‌ನಲ್ಲಿ (ಮಿಕ್ಸ್ ಆದ ಮೇಲಿನ ಕೊನೆಯ ಹಂತ) ಜೋರು ಮಾಡಲು ಹಿಂಡಬೇಡಿ. ಸ್ಪಾಟಿಫೈ ಹೇಗೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದು ಎಷ್ಟು ಜೋರು ಎಂಬುದರ ಅಳತೆ) ಇಳಿಸುತ್ತದೆ. ಮೈನಸ್ 7ಕ್ಕೆ ಒತ್ತಿದ ಹಾಡು ಅಲ್ಲಿ ಜೋರಾಗಿ ಕೇಳುವುದಿಲ್ಲ, ಸ್ನೇರ್ ಮಾತ್ರ ಚಪ್ಪಟೆಯಾಗಿರುತ್ತದೆ. ಮೈನಸ್ 10 ಆಸುಪಾಸು ಸಾಕು.

---

ಮೂರನೇಫ್ರೆಟ್:

ಒಂದೇ ಒಂದು ಕೊನೆಯ ಪ್ರಶ್ನೆ. ಗಿಟಾರ್ ಒಂದೇ, ಆಂಪ್ ಒಂದೇ. ಎಡಬಲ ಎರಡೂ ತೀರಾ ಒಂದೇ ಥರ ಕೇಳಿದರೆ?

---

ಡೌನ್‌ಸ್ಟ್ರೋಕ್:

ಬಲಗಡೆಯದಕ್ಕೆ ಕಾರ್ಡ್ ಹಿಡಿಯುವ ಜಾಗ ಬದಲಾಯಿಸಿ. ಎಡಕ್ಕೆ ಜಿ ಆರನೇ ತಂತಿಯ 3ನೇ ಫ್ರೆಟ್‌ನಲ್ಲಿದ್ದರೆ ಬಲಕ್ಕೆ ಐದನೇ ತಂತಿಯ 10ನೇ ಫ್ರೆಟ್‌ನಲ್ಲಿ, ಒಂದು ಆಕ್ಟೇವ್ ಮೇಲೆ. ಕೋರಸ್‌ಗೆ ಮಾತ್ರ ಹೀಗೆ ಮಾಡಿ. ಅದು ಬೇಡವಾದರೆ ಗಿಟಾರ್‌ನ ಟೋನ್ ನಾಬ್ 10ರಿಂದ 7ಕ್ಕೆ ಇಳಿಸಿ, ಆಂಪ್‌ನ ಮಿಡ್ ಒಂದೂವರೆ ಗೆರೆ ಏರಿಸಿ, ಮೈಕ್ ಎರಡು ಸೆಂಟಿಮೀಟರ್ ಅಂಚಿಗೆ ಸರಿಸಿ. ಎಡದ ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟುಕೊಂಡೇ ನಾಬ್ ಮುಟ್ಟಿ. ಎಡಗಡೆಯ ಒಂದು ಸಾಲು ಮತ್ತೆ ನುಡಿಸಬೇಕಾಗಿ ಬಂದರೆ ಬೇಕಾಗುತ್ತದೆ.